ನಮ್ಮವನ ವಿಮಾನ

ತಮ್ಮ ವಾಸಿಲಿ,

ಇವತ್ತು ಬೆತೆಲ್ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಕಂಪನಿಯ ಪೈಲಟ್ ಹೊರಗೆ ಹೋಗಿ ನೋಡಿ ಬಂದು, "ಇವತ್ತು ಹಾರೋದಿಲ್ಲ, ಬೈಯೋರು ಬೈಕೊಳ್ಳಿ" ಅಂದ. ನಮ್ಮೂರಿನ ಓಲಿಕ್ ತನ್ನ ಸ್ವಂತದ ಪುಟ್ಟ ವಿಮಾನದ ಕಡೆ ಕೈ ತೋರಿಸಿ ನಕ್ಕ: "ಅವನು ಸಂಬಳಕ್ಕೆ ಹಾರಿಸೋನು, ನಾನು ನೆಂಟರಿಗೆ. ಬನ್ನಿ, ಇಪ್ಪತ್ತೇ ನಿಮಿಷ. ತೂಕ ಕೇಳಿದ್ರೆ ಸುಳ್ಳು ಹೇಳ್ಬೇಡಿ, ಅಷ್ಟೇ!"

ಹೆರಿಗೆ ಮುಗಿಸಿ ಊರಿಗೆ ಹೊರಟಿದ್ದ ಪರಸ್ಕೋವಿಯಾ ಕೂಸನ್ನೆತ್ತಿಕೊಂಡು ಎದ್ದಳು. ನಾನು ಅವಳ ತೋಳು ಹಿಡಿದೆ.

"ಬಿಡಜ್ಜಿ, ಓಲಿಕ್ ನಮ್ಮವನು. ಹೊರಗಿಂದ ಬಂದೋನಿಗೆ ನಮ್ಮ ನದಿ ಮೇಲಿನ ದಾರಿ ಏನ್ ಗೊತ್ತು?"

ಹನ್ನೊಂದು ವರ್ಷದ ಹಿಂದೆ ನಿಲ್ದಾಣದ ಅದೇ ಕಾಯುವ ಕೋಣೆಯಲ್ಲಿ ಈ ಮಾತನ್ನು ನಾನೇ ನಿನಗೆ ಹೇಳಿದ್ದೆ. ನೀನು ಪಕ್ಕದ ಮನೆಯ ಇವಾನ್‌ನ ವಿಮಾನ ಹತ್ತಿದೆ. ನದಿಯ ಮೇಲಿನ ಹಿಮ ಕರಗುವವರೆಗೂ ನೀವಿಬ್ಬರೂ ಸಿಗಲಿಲ್ಲ.

ನಾನು ತೋಳು ಬಿಡಲಿಲ್ಲ. "ಹುಚ್ಚಜ್ಜಿ" ಎಂದು ಓಲಿಕ್ ಒಬ್ಬನೇ ಹೋದ. ಕ್ಷೇಮವಾಗಿ ಮನೆ ಸೇರಿದನಂತೆ. ಪರಸ್ಕೋವಿಯಾ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಮಂಜಿನಲ್ಲಿ ಜನರನ್ನು ಹತ್ತಿಸಿಕೊಂಡು ಹಾರುವ ಇಂಥವರ ಪರವಾನಗಿ ಕಿತ್ತುಕೊಳ್ಳಿ ಎಂದು ಅಲಾಸ್ಕಾದ ಪತ್ರಿಕೆಗಳಿಗೆಲ್ಲ ಬರೆದಿದ್ದೇನೆ, ಸಿಟ್ಟಿನಿಂದ, ವರ್ಷವರ್ಷವೂ. ಆ ದಿನ ನೀನು ನನ್ನನ್ನು ಕೇಳಿದ್ದನ್ನು ಮಾತ್ರ ಎಲ್ಲೂ ಬರೆದಿಲ್ಲ: "ಅಕ್ಕಾ, ನಾಳೆ ಹೋದ್ರೆ ಆಗಲ್ವಾ?"