ಕೈಯೂ ಮುಖವೂ ಒಂದೇ ದೂರದಲ್ಲಿ

ಅಕ್ಕಾ,

ಬಾಗಲಕೋಟೆಯ ದವಾಖಾನೆಯಲ್ಲಿ ನೀನು ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡದ್ದು ನೆನಪಿದೆಯೇ? ಕಾಮಾಲೆ ಕಣ್ಣಿನ ತುಂಬ ಇಳಿದಿತ್ತು, ದನಿ ಮಾತ್ರ ಮನೆಯಲ್ಲಿದ್ದಷ್ಟೇ ಗಟ್ಟಿಯಾಗಿತ್ತು. "ಗಂಡಿನವರಿಗೆ ತೋರಸೂ ರೇಣುನ ಫೋಟೋ ನೀನ ತಗೀಬೇಕ್ನೋಡ ಸರೂ. ಕೈ ಕಾಣಲಾರದಂಗ ತಗಿ. ಅದು ಹೆಂಗ ಅಂತ ನಿನಗ ಗೊತ್ತೈತಲ್ಲ," ಎಂದೆ. ನಾನು ಹೂಂ ಅಂದೆ. ಅಂಥ ಹೊತ್ತಿನಲ್ಲಿ ಯಾರು ತಾನೇ ಒಲ್ಲೆ ಅನ್ನುತ್ತಾರೆ? ಆದರೆ ನಾನು ಹಾಗೆ ತೆಗೆಯಲಿಲ್ಲ. ಏಕೆ ತೆಗೆಯಲಿಲ್ಲ, ಅದರಿಂದ ಏನಾಯಿತು ಎಂಬುದನ್ನು ನಾನೇ ನಿನಗೆ ಹೇಳಬೇಕು. ನಮ್ಮ ಓಣಿಯ ಸುದ್ದಿ ಅಲ್ಲಿಯವರೆಗೂ ಮುಟ್ಟುತ್ತದೆಯೋ ಏನೋ, ಮುಟ್ಟುವಷ್ಟರಲ್ಲಿ ಅದಕ್ಕೆ ಬಾಲ ಬೆಳೆದಿರುತ್ತದೆ.

ನಿನ್ನ ಮಗಳು ರೇಣುವಿನ ಬೆರಳ ತುದಿಯಲ್ಲಿ ಮೊದಲ ಬಿಳಿ ಮಚ್ಚೆ ಕಂಡಾಗ ನೀನು "ಸುಣ್ಣ ಹತ್ತೈತಿ" ಎಂದು ಸೀರೆಯ ಚುಂಗಿನಿಂದ ಉಜ್ಜಿದ್ದೆ. ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತು, ಸುಣ್ಣ ಹೋಗಲಿಲ್ಲ. ವರ್ಷ ಕಳೆದಂತೆ ಅದು ಎರಡೂ ಕೈಗಳ ಮೇಲೆ ಹರಡಿತು, ತುಟಿಯ ಒಂದು ಮೂಲೆಗೂ ಬಂತು. ಇದು ಅಂಟುವ ರೋಗವಲ್ಲ, ಜೀವಕ್ಕೇನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ನೀನು ಅದನ್ನು ಸಿಕ್ಕವರಿಗೆಲ್ಲ ಹೇಳಿದೆ. ಕೇಳಿದವರು ತಲೆಯಾಡಿಸಿದರು. ಆದರೆ ಆರತಿ ತಟ್ಟೆ ಅವಳ ಕೈಗೆ ಬರುವ ಹೊತ್ತಿಗೆ ಯಾರೋ ಒಬ್ಬರು ಅದನ್ನು ಪಕ್ಕಕ್ಕೆ ದಾಟಿಸುತ್ತಿದ್ದರು. ಆಮೇಲೆ ನೀನು ಅವಳಿಗೆ ಮುಂಗೈವರೆಗೆ ತೋಳಿರುವ ಅಂಗಿ ಹೊಲಿಸತೊಡಗಿದೆ, ಸುಡುವ ಬೇಸಿಗೆಯಲ್ಲೂ.

ನಿನ್ನ ಮೈದುನನ ಮದುವೆ ಆಲ್ಬಮ್ ಬಂದ ದಿನ ನೆನಪಿರಬೇಕು. ನೀನು ಕೇಳಿದಂತೆ ನಾನು ನನ್ನ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅವಳ ಕೈಗಳಿಗೆ ಒಂದೇ ಬಣ್ಣ ತುಂಬಿದ್ದೆ. ರೇಣು ಆ ಹಾಳೆಯನ್ನು ಬಹಳ ಹೊತ್ತು ನೋಡಿ, "ಚಿಗವ್ವ, ಇವು ಯಾರ ಕೈ?" ಎಂದು ಕೇಳಿದಳು. ನೀನು ನಕ್ಕೆ, ನಾನೂ ನಕ್ಕೆ. ಅವಳು ಮಾತ್ರ ಉತ್ತರಕ್ಕಾಗಿ ಕಾದು ಕೂತಿದ್ದಳು.

ನೀನು ಹೋದ ಮೇಲೆ ನಿನ್ನ ಮಗ್ಗ ಕೆಲವು ತಿಂಗಳು ಸುಮ್ಮನೆ ನಿಂತಿತ್ತು. ಒಂದು ದಿನ ನಾನು ಹುನಗುಂದದಿಂದ ಇಳಕಲ್ಲಿಗೆ ಹೋದಾಗ ರೇಣು ಅದರ ಮುಂದೆ ಕೂತು, ಸೀರೆಯ ಒಡಲಿನ ಉದ್ದನೆಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೂಡಿಸುತ್ತಿದ್ದಳು. ಒಂದೊಂದೇ ಎಳೆಯನ್ನು ಕೊಂಡಿ ಹಾಕಿ ಸೇರಿಸುವ ಆ ಕೆಲಸ ನಿನಗೆ ಎಷ್ಟು ಬೇಸರದ್ದಾಗಿತ್ತು! ಅವಳಿಗೆ ಹಾಗಲ್ಲ. ಬೆರಳು ತಾನಾಗಿ ಓಡುತ್ತಿತ್ತು, ಬಾಯಲ್ಲಿ ಯಾವುದೋ ಪರೀಕ್ಷೆಯ ಸಾಮಾನ್ಯ ಜ್ಞಾನದ ಪ್ರಶ್ನೆ, ಉತ್ತರ. ಯಾವ ಪರೀಕ್ಷೆ ಎಂದು ಕೇಳಿದೆ. "ಬರೀತೇನಿ, ಪಾಸ್ ಆದ್ರ ಹೇಳತೇನಿ" ಎಂದಳು.

ಶಿರೂರಿನ ಸಂಬಂಧದ ಸುದ್ದಿಯನ್ನು ಮಾಮಾ ತಂದದ್ದು ಅದೇ ಸುಮಾರಿಗೆ. ಮಾಮಾ ಕೆಟ್ಟವರಲ್ಲ, ನಿನ್ನ ಗಂಡನ ಬಗ್ಗೆ ನಿನಗೇ ಗೊತ್ತು. ದಿನವಿಡೀ ಗ್ರಾನೈಟ್ ಪಾಲಿಶ್ ಮಾಡುವ ಘಟಕದಲ್ಲಿ ನೀರು, ಧೂಳು. ಮನೆಗೆ ಬಂದರೆ ಮಗಳ ಚಿಂತೆ. ಅವರು ಬೇರೆ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿ ಶಿರೂರಿನವರಿಗೆ ಕೊಟ್ಟಿದ್ದರು. ಅದರಲ್ಲಿ ಕೈ ಸೆರಗಿನೊಳಗೆ, ತುಟಿಯ ಮೂಲೆ ನುಣ್ಣಗೆ. ನಾನು ಕೇಳಿದೆ, "ಮಾಮಾ, ಅವರಿಗೆ ಹೇಳೀರೇನು?"

"ಮೊದಲ ಹೇಳಿದ್ರ ಯಾರ ಬರತಾರ ಸರೂ? ಬರಲಿ, ಹುಡಿಗಿ ನಡತಿ ನೋಡಲಿ, ಆಮ್ಯಾಲೆ ತಿಳೀತೈತಿ."

"ಆಮ್ಯಾಲೆ ತಿಳಿದ್ರ..."

"ನಿಮ್ಮಕ್ಕ ಇದ್ದಿದ್ರೂ ಇದನ್ನ ಮಾಡತಿದ್ಲು," ಎಂದರು. ನಿಜವೇ ಅಲ್ಲವೇ? ರೇಣು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಫ್ಯಾಶನ್ ಶೋ ಎಂದರೆ ನೀನು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದೆ. ಆದರೆ ಇಳಕಲ್ಲಿನಲ್ಲೇ ನಡೆಯಿತು ಕಣೆ. ಹುಬ್ಬಳ್ಳಿಯಿಂದ ಬಂದ ಒಬ್ಬ ಮೇಡಂ, ಉಡುಪು ವಿನ್ಯಾಸ ಮಾಡುವವರು, ಊರಾಚೆಯ ಹಳೆಯ ನೇಕಾರಿಕೆ ಶೆಡ್ ಹಿಡಿದರು. ಮಗ್ಗಗಳನ್ನು ಎರಡೂ ಗೋಡೆಗೆ ಸರಿಸಿ ನಡುವೆ ಚಾಪೆ ಹಾಸಿ ದಾರಿ ಮಾಡಿದರು. ಹುಬ್ಬಳ್ಳಿಯ ಕೆಲವು ಹುಡುಗಿಯರು, ಜೊತೆಗೆ ನೇಕಾರರ ಮನೆಯ ಹೆಣ್ಣುಮಕ್ಕಳು, ಇಳಕಲ್ ಸೀರೆ ಉಟ್ಟು ನಡೆಯಬೇಕು. ಫೋಟೋ ಕೆಲಸ ನನಗೆ ಬಂತು. ಮೇಡಂ ಹಾಕಿದ ಷರತ್ತು ಒಂದೇ: ಫ್ಲ್ಯಾಶ್ ಕೂಡದು. ಫ್ಲ್ಯಾಶ್ ಬಿದ್ದರೆ ಸೆರಗಿನ ರೇಷ್ಮೆ ಕನ್ನಡಿಯ ಹಾಗೆ ಹೊಳೆದು ಅದರ ಕೆಂಪು ಸತ್ತುಹೋಗುತ್ತದೆ ಎಂದರು. ಸರಿಯಾದ ಮಾತು. ಹೆಂಚಿನ ನಡುವೆ ಕೂರಿಸಿದ ಗಾಜಿನಿಂದ ಇಳಿಯುವ ಬೆಳಕು, ಪಡುವಣ ಬಾಗಿಲಿನಿಂದ ಬರುವ ಸಂಜೆಯ ಬಿಸಿಲು, ಅಷ್ಟರಲ್ಲೇ ತೆಗೆಯಬೇಕು. ಭಾಗವಹಿಸುವವರ ಹೆಸರು ಕೇಳಿದೆ. ನಮ್ಮ ರೇಣು ಯಾರಿಗೂ ಹೇಳದೆ ತನ್ನ ಹೆಸರು ಕೊಟ್ಟಿದ್ದಳು.

ಮದುವೆ ಮನೆಯ ಲೆನ್ಸ್ ಅಲ್ಲಿ ಸಾಲುವುದಿಲ್ಲ. ಹುಬ್ಬಳ್ಳಿಯಿಂದ ಬಾಡಿಗೆಗೆ ಎರಡು ಫಾಸ್ಟ್ ಲೆನ್ಸ್ ತರಿಸಿದೆ. ಅವುಗಳ ಬಾಯಿ ದೊಡ್ಡದು, ಕಡಿಮೆ ಬೆಳಕನ್ನೂ ಗಟಗಟ ಕುಡಿಯುತ್ತವೆ, ನಡೆಯುವ ಮನುಷ್ಯನನ್ನೂ ಅಲುಗದಂತೆ ಹಿಡಿಯುತ್ತವೆ. ಆದರೆ ಒಂದು ತೊಂದರೆ ಇದೆ. ಬಾಯಿ ಪೂರ್ತಿ ತೆರೆದಾಗ ಸ್ಪಷ್ಟವಾಗಿ ಬರುವುದು ಒಂದು ಗೇಣಿಗಿಂತ ಕಡಿಮೆ ಆಳ. ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು. ಅಭ್ಯಾಸದ ದಿನ ರೇಣು ನಡೆದು ಬಂದು ದಾರಿಯ ಕೊನೆಯಲ್ಲಿ ನಿಂತು, ಹೇಳಿಕೊಟ್ಟಂತೆ ಸೆರಗಿನ ಅಂಚನ್ನು ಮುಂದಕ್ಕೆ ಚಾಚಿ ಹಿಡಿದಳು. ನಾನು ಕ್ಲಿಕ್ ಮಾಡಿದೆ. ಅವಳು ಓಡಿಬಂದು ಕ್ಯಾಮೆರಾದ ಹಿಂಬದಿಯಲ್ಲಿ ನೋಡಿದಳು. ಮುಖ ಚೆನ್ನಾಗಿ ಬಂದಿತ್ತು. ಮುಂದೆ ಚಾಚಿದ ಕೈ ನೀರಿಗೆ ಬಿದ್ದ ಹಾಲಿನಂತೆ ಕರಗಿಹೋಗಿತ್ತು.

"ಚಿಗವ್ವ, ನನ್ನ ಕೈ ಎಲ್ಲಿ ಹೋತು?"

"ಲೆನ್ಸ್ ಹಂಗ ಐತವಾ. ಮಾರಿ ಇಲ್ಲಾ ಕೈ, ಒಂದ ಸಿಗತೈತಿ."

"ಎರಡೂ ನನ್ನವ ಅದಾವಲ್ಲ," ಎಂದಳು. ಜಗಳದ ದನಿಯಲ್ಲಲ್ಲ, ಗೊತ್ತಿರಲಿ ಅನ್ನುವಂತೆ. ಆಮೇಲೆ ಹೇಳಿದಳು, "ಶೋದಾಗ ತಗೀಯೂ ಫೋಟೋ ಶಿರೂರಿಗೆ ಕಳಸೂದೈತಿ, ಕೈ ಮೊದಲ ನೋಡಲಿ. ಅವರು ಇಲ್ಲಿ ಬಂದು ನನ್ನ ಕೈ ನೋಡಿ ಚಹಾ ಬಿಟ್ಟು ಎದ್ದು ಹೋಗೂದು ನಾ ನೋಡಾಕ ಒಲ್ಲೆ."

ಆ ಸಂಜೆ ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕೂತು ನಾನು ನಿನ್ನ ಮಾತನ್ನೇ ಯೋಚಿಸುತ್ತಿದ್ದೆ. ಎಷ್ಟು ಸುಲಭವಿತ್ತು ನೋಡು! ಎದುರಿಗೆ ನಿಂತು ಕಣ್ಣಿಗೆ ಫೋಕಸ್ ಇಟ್ಟರೆ ಮುಗಿಯಿತು, ಕೈಯನ್ನು ಲೆನ್ಸೇ ಮುಚ್ಚುತ್ತಿತ್ತು. ನಿನ್ನ ಮಾತೂ ಉಳಿಯುತ್ತಿತ್ತು, ನಾನು ಬಣ್ಣ ತುಂಬಿದಂತೆಯೂ ಆಗುತ್ತಿರಲಿಲ್ಲ. ಲೆನ್ಸಿನ ಬಾಯಿ ಕಿರಿದು ಮಾಡಿದರೆ ಎರಡೂ ಬರುತ್ತವೆ, ನಿಜ, ಆದರೆ ಆ ಬೆಳಕಿಗೆ ಇಡೀ ಚಿತ್ರ ಅಲುಗುತ್ತದೆ. ನೀನು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ? ಬೇಡ, ಹೇಳಬೇಡ. ನೀನು ಅವಳ ತಾಯಿ, ನಿನಗೆ ಇದ್ದ ಭಯ ನನಗಿಲ್ಲ. ಆದರೆ ಶಿರೂರಿನವರು ಬರುವ ದಿನ ಚಹಾದ ತಟ್ಟೆ ಹಿಡಿಯಬೇಕಾದವಳು ಅವಳು.

ಶೋ ದಿನ ಬಣ್ಣ ಹಚ್ಚುವ ಹೆಣ್ಣುಮಗಳು ರೇಣುವಿನ ಕೈ ನೋಡಿದೊಡನೆ ದಪ್ಪ ಕ್ರೀಮಿನ ಡಬ್ಬಿ ತೆಗೆದಳು. ರೇಣು ಕೈ ಹಿಂದಕ್ಕೆ ಎಳೆದುಕೊಂಡು, "ಬ್ಯಾಡ್ರಿ. ಬೆವರಿಗೆ ಇಳೀತೈತಿ, ಸೀರಿಗೆ ಕಲೆ ಆಗತೈತಿ," ಎಂದಳು. ಮೇಡಂ ಹತ್ತಿರ ಬಂದು ಕೈ ನೋಡಿದರು, ಸೀರೆ ನೋಡಿದರು. ಬೆವರು ಸುರಿಯುತ್ತಿದ್ದುದು ಸುಳ್ಳಲ್ಲ. "ಸರಿ, ಹಂಗ ಹೋಗಲಿ," ಎಂದು ಮುಂದಿನವರ ಕಡೆ ತಿರುಗಿದರು. ನಿನ್ನ ಮಗಳು ಗುಳೇದಗುಡ್ಡದ ಖಣದ ಕುಬುಸ ತೊಟ್ಟಿದ್ದಳು, ತೋಳು ಮೊಣಕೈಗಿಂತ ಮೇಲೆ. ಕನ್ನಡಿಯಲ್ಲಿ ಒಮ್ಮೆ ಮಾತ್ರ ನೋಡಿಕೊಂಡಳು.

ಅವಳ ಸರದಿ ಬಂದಾಗ ಬಿಸಿಲು ಬಾಗಿಲಿನಿಂದ ಓರೆಯಾಗಿ ಬಿದ್ದಿತ್ತು. ಎದುರಿನ ಜಾಗ ಬಿಡಬೇಡಿ ಎಂದು ಮೇಡಂ ನನಗೆ ಮೊದಲೇ ಹೇಳಿದ್ದರು. ನಾನು ಎದ್ದೆ. ಕುರ್ಚಿಗಳ ಹಿಂದಿನಿಂದ ಬಗ್ಗಿ ಓಡಿ, ಗೋಡೆಗೆ ಸರಿಸಿದ ಎರಡು ಮಗ್ಗಗಳ ನಡುವೆ ಹೊಕ್ಕು ಕೂತೆ. ಪಕ್ಕದಿಂದ ನೋಡಿದರೆ ಅವಳ ಮುಖವೂ ಚಾಚಿದ ಕೈಯೂ ನನ್ನಿಂದ ಒಂದೇ ದೂರದಲ್ಲಿರುತ್ತವೆ. ಲೆನ್ಸ್ ಎರಡನ್ನೂ ಒಟ್ಟಿಗೆ ಹಿಡಿಯಲೇಬೇಕು. ಜನರಲ್ಲಿ ಏನೋ ಗುಸುಗುಸು ಎದ್ದಿತು. ಒಬ್ಬ ಮುದುಕಿ ಪಕ್ಕದವಳಿಗೆ ಕೇಳುವಂತೆಯೇ, "ಅಯ್ಯ, ಕೈ ನೋಡವಾ," ಎಂದಳು. ಅದು ರೇಣುವಿನ ಕಿವಿಗೂ ಬಿದ್ದಿತು. ನಡಿಗೆ ತಪ್ಪಲಿಲ್ಲ. ಕೊನೆಗೆ ಬಂದು ನಿಂತಳು, ಸೆರಗು ಹಿಡಿದಳು. ನಾನು ಉಸಿರು ಹಿಡಿದು ಒತ್ತಿದೆ.

ಆ ಚಿತ್ರ ಹೇಗಿದೆ ಗೊತ್ತೇ? ಹಿಂದಿನ ಜನ, ಮಗ್ಗ, ಬಾಗಿಲು ಎಲ್ಲ ಮಸುಕು. ಅವಳ ಕಣ್ಣು, ತುಟಿ ಮೂಲೆಯ ಬಿಳಿ, ಬೆರಳ ಗೆಣ್ಣುಗಳ ಮೇಲಿನ ಕಂದು ಮತ್ತು ಬಿಳಿ, ಸೆರಗಿನ ಕೆಂಪು, ಇಷ್ಟೇ ಸ್ಪಷ್ಟ. ಫ್ಲ್ಯಾಶ್ ಹಾಕಿದ್ದರೆ ಆ ಬಿಳಿ ಸುಣ್ಣ ಬಳಿದಂತೆ ಎದ್ದು ಕಾಣುತ್ತಿತ್ತು. ಸಂಜೆ ಬೆಳಕಿನಲ್ಲಿ ಅದಕ್ಕೂ ಒಂದು ಬಿಸುಪು ಬಂದಿದೆ. ಚೆಂದ ಎಂದು ನಾನು ಹೇಳುವುದಿಲ್ಲ, ತೆಗೆದವಳು ನಾನೇ. ಮೇಡಂ ಮಾತ್ರ, "ಸೆರಗು ಪೂರ್ತಿ ಬಂದಿಲ್ಲ. ಎದುರಿನಿಂದ ಒಂದೂ ಇಲ್ಲೇನ್ರಿ?" ಎಂದು ಕೇಳಿದರು. "ಇಲ್ರಿ," ಎಂದೆ. ಅವರು ಅದನ್ನು ಎಲ್ಲಿಯೂ ಬಳಸಲಿಲ್ಲ.

ಶಿರೂರಿಗೆ ಫೋಟೋ ಕಳಿಸಿದ್ದು ರೇಣು ತಾನೇ, ತಂದೆಯ ಮುಂದೆಯೇ ಕೂತು, ತಂದೆಯ ಫೋನಿನಿಂದ. ಮಾಮಾ ತಡೆಯಲಿಲ್ಲವಂತೆ. ಮೂರನೆಯ ದಿನ ಅವರಿಂದ ಮಾತು ಬಂತು: ಈ ವರ್ಷ ನಮ್ಮ ಹುಡುಗನಿಗೆ ಮದುವೆಯ ಯೋಗವಿಲ್ಲ. ಮಾಮಾ ನನ್ನ ಜೊತೆ ಮಾತು ಬಿಟ್ಟರು. ನಾನು ಇಳಕಲ್ಲಿಗೆ ಹೋದರೆ ಎದ್ದು ಹೊರಗೆ ಹೋಗುತ್ತಿದ್ದರು. ನನಗೂ ಬೇಸರವಾಯಿತು, ಸುಳ್ಳೇಕೆ ಹೇಳಲಿ. ಅವಳ ಒಂದು ಬಾಳನ್ನು ನಾನು ಕೈಯಾರೆ... ಎಂದು ಅನಿಸುತ್ತಿತ್ತು. ರೇಣುವನ್ನು ಕೇಳಿದೆ, ನಿನಗೆ ದುಃಖವಾಯಿತೇ ಎಂದು. "ಎರಡು ದಿನ ಅತ್ನಿ ಚಿಗವ್ವ. ಫೋಟೋದಾಗ ಹುಡುಗ ನೋಡಾಕ ಛಲೋ ಇದ್ದ," ಎಂದಳು. ಆಮೇಲೆ ಮಗ್ಗಕ್ಕೆ ಕೂತಳು.

ಹೋದ ತಿಂಗಳು ಒಂದು ಮಧ್ಯಾಹ್ನ ಹುನಗುಂದದ ನನ್ನ ಸ್ಟುಡಿಯೋ ಬಾಗಿಲಿಗೆ ಮಾಮಾ ಬಂದು ನಿಂತರು. ಬೆನ್ನ ಹಿಂದೆ ರೇಣು. ನಾನು ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ನೀರು ಕುಡಿದು, ಗೋಡೆಯ ಕಡೆ ನೋಡುತ್ತ, "ಅಕಿಗೆ ಗುರುತಿನ ಚೀಟಿಗೆ ಫೋಟೋ ಬೇಕಂತ ಸರೂ," ಎಂದರು. ನಾನು ದೀಪ ಹಾಕಿ, ಅವಳನ್ನು ಕೂರಿಸಿ, ತುಟಿಯ ಬದಿಗೆ ನೆರಳು ಬರುವಂತೆ ಸುಮ್ಮನೆ ಗಲ್ಲ ತಿರುಗಿಸಹೋದೆ. ಕೈಗೆ ರೂಢಿಯಾದ ಕೆಲಸ ಅದು. ಹಿಂದಿನಿಂದ ಮಾಮಾ ಹೇಳಿದರು, "ಇದ್ದಂಗ ತಗಿ."

ಅಷ್ಟೇ ಅಕ್ಕಾ. ಹೋಗುವಾಗ ಮಾತ್ರ, ಊಟಕ್ಕೆ ಬಾ, ಬಹಳ ದಿನವಾಯಿತು ಎಂದರು.

ಆ ಗುರುತಿನ ಚೀಟಿ ಯಾವುದರದ್ದು ಎಂದು ನಿನಗೆ ಇನ್ನೂ ಹೇಳಲಿಲ್ಲ. ರೇಣು ಕಂಡಕ್ಟರ್ ಆಗಿದ್ದಾಳೆ! ಸರ್ಕಾರಿ ಬಸ್ಸಿನಲ್ಲಿ. ಪರೀಕ್ಷೆ ಪಾಸಾಗಿ, ತರಬೇತಿ ಮುಗಿದು, ಖಾಕಿ ಅಂಗಿ ಬಂದಿದೆ. ಸೋಮವಾರದಿಂದ ಇಳಕಲ್ಲಿನಿಂದ ಬಾದಾಮಿಗೆ ಹೋಗುವ ಬೆಳಗಿನ ಬಸ್ಸು ಅವಳದು. ಹುನಗುಂದ, ಅಮೀನಗಡ, ಗುಳೇದಗುಡ್ಡ, ದಾರಿಯುದ್ದಕ್ಕೂ ಹತ್ತುವ ಪ್ರತಿಯೊಬ್ಬರೂ ಅವಳ ಕೈಯಿಂದ ಟಿಕೆಟ್ ಇಸಿದುಕೊಳ್ಳಲೇಬೇಕು. ಈಗ ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ, ಆದರೂ ಟಿಕೆಟ್ ಹರಿದು ಕೊಡುತ್ತಾರೆ. ನಾನು ಹುನಗುಂದದಲ್ಲಿ ಹತ್ತುತ್ತೇನೆ. ಮಾಮಾ ಇಳಕಲ್ಲಿನಿಂದಲೇ ಕೂತು ಬರುತ್ತಾರಂತೆ, ಆ ದಿನ ರಜೆ ಹಾಕಿದ್ದಾರೆ. ರೇಣು ನಿನ್ನೆಯೇ ಫೋನ್ ಮಾಡಿ ಇಬ್ಬರಿಗೂ ತಾಕೀತು ಮಾಡಿದ್ದಾಳೆ: "ಬರೂದಿದ್ರ ಬರ್ರಿ. ಆದ್ರ ನನ್ನ ಮಾರಿ ನೋಡಕೋತ ಮುಂದ ಕುಂಡ್ರಬ್ಯಾಡ್ರಿ. ಸೋಮವಾರ ಗದ್ದಲ ಇರತೈತಿ, ಹಿಂದ ಸರೀರಿ."

ಹಿಂದೆ ಸರಿದು ನಿಲ್ಲುತ್ತೇನೆ, ಮಾತು ಕೊಡುತ್ತೇನೆ.

ನಿನ್ನ ತಂಗಿ,
ಸರೂ