ಮನೆ ತುಂಬ ಚೀಟಿ

ಮಾರ್ಚ್ ೧೨, ಬುಧವಾರ

ಇವತ್ತು ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಪ್ಪನದು ಮರೆಗುಳಿ ಕಾಯಿಲೆಯಲ್ಲವಂತೆ, ಖಿನ್ನತೆಯಂತೆ. "ವಯಸ್ಸಾದವರಲ್ಲಿ ಎರಡೂ ಒಂದೇ ಥರ ಕಾಣುತ್ತಮ್ಮ, ಇದು ವಾಸಿಯಾಗುತ್ತೆ" ಎಂದರು ಡಾಕ್ಟರು.

ಅಮ್ಮ ಹೋದಾಗಿನಿಂದ ಏನು ಕೇಳಿದರೂ "ಗೊತ್ತಿಲ್ಲ" ಎನ್ನುತ್ತಿದ್ದರಲ್ಲ, ನಾನೇ ಡಾಕ್ಟರಾಗಿಬಿಟ್ಟೆ! ಮನೆ ತುಂಬ ಚೀಟಿ ಅಂಟಿಸಿದೆ: ಬಚ್ಚಲು, ಸ್ವಿಚ್ಚು, ಸಕ್ಕರೆ. ಜೀವಮಾನವಿಡೀ ಅಂಗಡಿಗಳಿಗೆ ಬೋರ್ಡು ಬರೆದವರಿಗೆ ನನ್ನ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ.

ಸಂಜೆ ಎಲ್ಲ ಕೀಳುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತರು.

"ಎಲ್ಲಾ ನೆನಪಿತ್ತಾ ಅಪ್ಪಾ? ಮತ್ಯಾಕೆ ಹೇಳ್ಲಿಲ್ಲ?"

"ಹೇಳಿ ಏನಾಗ್ಬೇಕಿತ್ತು?" ಅಮ್ಮನ ಫೋಟೋ ಕಡೆ ಕೈ ತೋರಿಸಿದರು. "ಸಕ್ಕರೆ ಡಬ್ಬಿಗೆ ಅಂಟಿಸ್ದೆ, ಸರಿ. ಅವಳಿಗೂ ಅಂಟಿಸ್ಬೇಕಿತ್ತೇನೇ?"

ಗಾಜಿನ ಮೇಲೆ ನನ್ನದೇ ಅಕ್ಷರ: 'ಇವರು ನಿಮ್ಮ ಹೆಂಡತಿ.'