ಬಲತುದಿಯ ಏಳು ಕೀಗಳು

ಅಪ್ಪಾ,

ನಿಮ್ಮ ಕಿವಿ ಮಂದವಾಗಿದೆ ಎಂದು ಮೊದಲು ಹೇಳಿದವಳು ಅಕ್ಕ, ಹೋದ ಚಳಿಗಾಲದಲ್ಲಿ. ನಲವತ್ತು ವರ್ಷ ಪಿಯಾನೋ ಶ್ರುತಿ ಮಾಡಿದ ಕಿವಿ ಅದು, ನಾನು ನಂಬಲಿಲ್ಲ. ಫೋನಿನಲ್ಲಿ "ಆಂ? ಆಂ?" ಎನ್ನುತ್ತೀರಿ, ಅದಕ್ಕೇ ಈ ಪತ್ರ.

ನನ್ನ ಮೊದಲ ಆಲ್ಬಮ್‌ಗೆಂದು ನೀವು ಶ್ರುತಿ ಮಾಡಿಕೊಟ್ಟ ಪಿಯಾನೋದಲ್ಲಿ ಬಲತುದಿಯ ಏಳು ಕೀಗಳು, ತೀರ ಎತ್ತರದ ಸ್ವರದವು, ಅಪಸ್ವರ ನುಡಿಯುತ್ತಿವೆ. ರೆಕಾರ್ಡಿಂಗ್ ಮಾಡುವವರು, "ಬೇರೆಯವರನ್ನ ಕರೆಸೋಣ್ವಾ?" ಎಂದರು. ಬೇಡವೆಂದೆ. ಮೂರು ದಿನ ಕೂತು, ಆ ಏಳನ್ನು ಮುಟ್ಟದ ಹಾಗೆ ನನ್ನ ರಚನೆಗಳನ್ನು ತಿದ್ದುತ್ತ ಹೋದೆ. ಸಾಕಾಗಿಹೋಯಿತು. ಆ ಸ್ವರಗಳು ನನಗೆ ಬೇಡ ಎಂದು ಅವರಿಗೆ ಸುಳ್ಳು ಹೇಳಿದೆ.

"ನಿಂಗೆ ಬೇಡದ್ದು ಸ್ವರಾನೋ, ಅಪ್ಪನ ಹತ್ರ ಮಾತೋ?" ಎಂದು ನಕ್ಕರು.

ಕೊನೆಯ ರಚನೆಯೊಂದನ್ನು ತಿದ್ದಲಾಗಲಿಲ್ಲ. ನಾನು ಚಿಕ್ಕವಳಿದ್ದಾಗ, ಕೆಲಸ ಮುಗಿದ ಮೇಲೆ ನೀವು ಬಲತುದಿಯಲ್ಲಿ ಟಿಣ್ ಟಿಣ್ ಎನ್ನಿಸಿ ನನ್ನನ್ನು ನಗಿಸುತ್ತಿದ್ದಿರಲ್ಲ, ಅದು ಹುಟ್ಟಿದ್ದು ಅಲ್ಲಿಂದ. ನಿನ್ನೆ ಅದನ್ನು ಇದ್ದ ಹಾಗೆಯೇ ನುಡಿಸಿ ಅಕ್ಕನಿಗೂ ರೆಕಾರ್ಡಿಂಗ್‌ನವರಿಗೂ ಕೇಳಿಸಿದೆ.

ಶುಕ್ರವಾರ ಹತ್ತು ಗಂಟೆಗೆ ಕಿವಿಯ ಡಾಕ್ಟರ ಹತ್ತಿರ ಹೋಗಿ. ಆಮೇಲೆ ಶ್ರುತಿಯ ಸಲಕರಣೆ ತೆಗೆದುಕೊಂಡು ಇಲ್ಲಿಗೆ ಬನ್ನಿ. ಇವತ್ತು ಬೆಳಿಗ್ಗೆ ಎದ್ದವಳೇ ಅಕ್ಕ ಆ ಡಾಕ್ಟರಲ್ಲಿ ನಿಮ್ಮ ಹೆಸರು ಬರೆಸಿದಳು. ರೆಕಾರ್ಡಿಂಗ್‌ನವರು ಮೈಕುಗಳನ್ನು ಬಿಚ್ಚಲು ಬಂದವರು, ಬಿಚ್ಚದೆ ಅವಕ್ಕೆ ಬಟ್ಟೆ ಹೊದಿಸಿ ಹೋದರು.

ನಿಮ್ಮ,
ಚಿಕ್ಕ ಮಗಳು